ಜೇಬಿನಲ್ಲಿ ಬಲಗೈ

ಪುಂತಾ ಅರೇನಾಸಿನ ಸುಂಕವಿಲ್ಲದ ಪೇಟೆಯಲ್ಲಿ
ನನ್ನದು ಏಳನೇ ನಂಬರಿನ ಅಂಗಡಿ. ನನ್ನದೆಂದರೆ
ಒಡೆಯ ಬೇರೆ; ಬೀಗದ ಕೈ ಮಾತ್ರ ನನ್ನದು,
ಎದೆಯ ಮೇಲೆ ಯಾಸ್ನಾ ಎಂಬ ತಗಡಿನ ಚೀಟಿ.
ಜೂನ್ ತಿಂಗಳು. ಬೆಳಗಾಗುವುದು ಹತ್ತಕ್ಕೆ,
ಐದೂವರೆಗೆ ಮತ್ತೆ ಕತ್ತಲು.
ಗಾಳಿ ತಾನೇ ಬಾಗಿಲು ತೆರೆದು ಒಳಬಂದು
ಏನೂ ಕೊಳ್ಳದೆ ಹೊರಟುಹೋಗುತ್ತದೆ.

ಅಂಥ ಗಾಳಿಯ ಹಿಂದೆಯೇ ಬಂದ ಅವನು.
ಮೈಯೆಲ್ಲ ಉಣ್ಣೆಯ ಜಿಡ್ಡುವಾಸನೆ, ಸುಟ್ಟ ಇಟ್ಟಿಗೆಯ ಕೆನ್ನೆ.
"ಮಗಳಿಗೆ," ಅಂದ. "ಒಂಬತ್ತು ತುಂಬುತ್ತದೆ."
ನಾನು ಗಿಳಿಪಾಠ ಒಪ್ಪಿಸಿದೆ:
ಇದು ಟೀವಿಗೆ ಕಟ್ಟಿಹಾಕಿ ಆಡುವಂಥದ್ದು,
ಇದು ಮಡಿಲಲ್ಲಿಟ್ಟು ಆಡುವಂಥದ್ದು,
ಇದಕ್ಕೆ ನೆನಪು ಜಾಸ್ತಿ, ಅದಕ್ಕೇ ಬೆಲೆಯೂ.
ಅವನು ಬೆಲೆ ಕೇಳಲಿಲ್ಲ.
ನೆನಪನ್ನೂ ಕೇಳಲಿಲ್ಲ.

ಬಲಗೈ ಜೇಬಿನಲ್ಲೇ ಇತ್ತು.
ಎಡಗೈಯೊಂದನ್ನೇ ಚಾಚಿ ಹಿಡಿಕೆ ಎತ್ತಿಕೊಂಡ,
ಹೆಬ್ಬೆರಳನ್ನು ಏಡಿಯಂತೆ ಅಡ್ಡಡ್ಡ ಓಡಿಸಿದ.
ಪರದೆಯ ಮೇಲೆ ನರಿ ಎರಡು ಹೆಜ್ಜೆಯಿಟ್ಟು
ಕಂದಕಕ್ಕೆ ಬಿತ್ತು.
ಇನ್ನೊಂದು ಹಿಡಿಕೆ. ಬಿತ್ತು.
ಮತ್ತೊಂದು.
ನನ್ನ ಕಣ್ಣು ಆ ಜೇಬಿನ ಮೇಲೇ. ಸುಳ್ಳು ಯಾಕೆ ಹೇಳಲಿ,
ಹೋದ ವಾರ ಎರಡು ಮೆಮರಿ ಕಾರ್ಡು ಕಾಣೆಯಾಗಿ
ನನ್ನ ಸಂಬಳದಲ್ಲಿ ಹಿಡಿದಿದ್ದರು.

"ಆ ಕೈಯನ್ನೂ ಹಚ್ಚಿ, ಯಜಮಾನರೇ," ಅಂದೆ.
"ಎರಡು ಕೈಯ ಆಟ ಇದು."
"ಗೊತ್ತು," ಅಂದ. "ಅದಕ್ಕೇ."
ಮತ್ತೆ ಜೇಬಿನತ್ತ ಕಣ್ಣಿಳಿಸಿ:
"ಅವಳದು ಹುಟ್ಟಿನಿಂದಲೇ
ಮಣಿಕಟ್ಟಿನವರೆಗಷ್ಟೇ."

ಮುಖ ಎಲ್ಲಿಡಲಿ? ಗಾಜಿನ ಕಪಾಟು ಒರೆಸಿದೆ,
ಒರೆಸಿದ್ದನ್ನೇ ಒರೆಸಿದೆ.
ಆಮೇಲೆ ನಾನೂ ಬಲಗೈಯನ್ನು ಜೇಬಿಗೆ ತುರುಕಿ
ಪಕ್ಕದಲ್ಲಿ ನಿಂತೆ.
ಇಬ್ಬರು ದೊಡ್ಡವರು, ಇದ್ದದ್ದು ಎರಡು ಕೈ,
ಕಂದಕದಲ್ಲಿ ಹದಿನೇಳು ನರಿ.
ಪೊರ್ವೆನಿರ್ ದೋಣಿಗೆ ಹೊತ್ತಾಯಿತೆಂದು ಅವನು ಹೊರಟಾಗ
'ಬರಿಗೈಯಲ್ಲಿ ಹೋಗುತ್ತೀರಲ್ಲ' ಎನ್ನಬಂದವಳು
ಆ ಮಾತನ್ನು ಬಿಸಿ ಚಹಾದಂತೆ
ನುಂಗಿಕೊಂಡೆ.

ಶನಿವಾರ ಮಗಳನ್ನೇ ಕರೆತಂದ. ನಯಾರೆತ್.
ಮುಂಬಲ್ಲೆರಡು ಮೊಲದವು; ಜಲಸಂಧಿಯ ಅಲೆಗೆ
ದಾರಿಯಲ್ಲಿ ವಾಂತಿಯಾಯಿತೆಂದು ಹೆಮ್ಮೆಯಿಂದ ಹೇಳಿದಳು.
ಸಾಲಿನುದ್ದಕ್ಕೂ ನಡೆದು ನೋಡಿದಳು,
ಮಂದೆಯಲ್ಲಿ ಮರಿ ಆರಿಸುವವಳ ಹಾಗೆ.
ನಾವಿಬ್ಬರೂ ಹೆದರಿ ಪಕ್ಕಕ್ಕಿಟ್ಟಿದ್ದ,
ಗುಂಡಿಗಳೇ ತುಂಬಿದ ಭಾರದ್ದನ್ನು ಎಳೆದುಕೊಂಡು
ನೆಲದಲ್ಲಿ ಕೂತಳು.
ಮಂಡಿಗೂ ಗಲ್ಲಕ್ಕೂ ನಡುವೆ ಹಿಡಿಕೆ ಸಿಕ್ಕಿಸಿ
ಮೊಂಡು ಮಣಿಕಟ್ಟಿನಿಂದ ಹಾರುವ ಗುಂಡಿ ಒತ್ತಿದಳು.
ನರಿ ಹಾರಿತು.
ಎರಡನೇ ಕಂದಕ, ಹಾರಿತು.
ಮೂರನೆಯದರಲ್ಲಿ ಬಿತ್ತು. "ಥೂ, ದರಿದ್ರ ನರಿ!"
ಎಂದು ಬೈದಳು, ಯಾವ ಮಗುವಾದರೂ ಬೈಯುವಂತೆ.

ನೋಟು ಎಣಿಸಲು ಅಪ್ಪ ಬಲಗೈ ಹೊರತೆಗೆದ.
ಎಷ್ಟು ದೊಡ್ಡ ಕೈ. ಕತ್ತರಿ ಕಚ್ಚಿದ ಗುರುತುಗಳ ಕೈ,
ಬೆಳಕಿಗೆ ಬಂದು ತಬ್ಬಿಬ್ಬಾದಂತಿತ್ತು.
ಐದು ಸಾವಿರ ಪೆಸೊ ಬಿಡು ಎಂದ.
ಬಿಡಲಿಲ್ಲ, ಬಿಡುವ ಅಧಿಕಾರ ನನಗಿಲ್ಲ.
ಬ್ಯಾಟರಿ ನಾಲ್ಕು ಮಾತ್ರ ಬಿಟ್ಟಿ ಕೊಟ್ಟೆ.

"ಬಣ್ಣದ ಕಾಗದ ಸುತ್ತಲೋ, ಹಾಗೇ ಕೊಡಲೋ?"
ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.
"ಸುತ್ತು," ಅಂದಳು. "ಗಟ್ಟಿಯಾಗಿ ಸುತ್ತು.
ಟೇಪು ಜಾಸ್ತಿ ಹಾಕು, ಹುಟ್ಟುಹಬ್ಬ ಗುರುವಾರ,
ಅಲ್ಲಿವರೆಗೆ ಇವರು ಬಿಚ್ಚಬಾರದು."
ತುಟಿಯೆತ್ತಿ ಮೊಲದ ಹಲ್ಲು ತೋರಿಸಿದಳು:
"ಹರಿಯೋಕೆ ನನಗೆ ಇವು ಇವೆ."